ಒಂದು ಡಬ್ಬಿ, ನಾಲ್ಕು ಕೈ

ಎರಡು ವರ್ಷದ ಹಿಂದೆ ಮುತ್ತುವಿಗೆಂದು ನಾನೇ ಹೊಲಿದ ಎದೆಪಟ್ಟಿಯ ಗುಂಡಿ ಈ ಸಲ ಚಳಿಗಾಲದಲ್ಲಿ ಕಾಜಕ್ಕೆ ಸಿಗಲೇ ಇಲ್ಲ. ಅಳತೆ ಟೇಪು ಹೇಗೂ ಕೊರಳಲ್ಲೇ ಇರುತ್ತದಲ್ಲ, ಸುತ್ತಿ ನೋಡಿದೆ. ಆಗ 18 ಇಂಚು ಇದ್ದದ್ದು ಈಗ 21.5. ದಿನಕ್ಕೆ ಹತ್ತು ಜನರ ಸೊಂಟ ಅಳೆಯುವ ನನಗೆ ಮನೆಯ ನಾಯಿ ಊದಿಕೊಂಡದ್ದು ಕಾಣಲಿಲ್ಲ. ಬಿಳಿ ತುಪ್ಪಳ ಎಲ್ಲವನ್ನೂ ಮುಚ್ಚಿಟ್ಟಿತ್ತು.

ಪಶುವೈದ್ಯರ ತಕ್ಕಡಿಯಲ್ಲಿ 9 ಕೆ.ಜಿ. 200 ಗ್ರಾಂ ಬಂತು. ಇವಳ ಮೈಕಟ್ಟಿಗೆ ಆರೂವರೆ ಇದ್ದರೆ ಸರಿ ಎಂದರು. ಪಮೇರಿಯನ್ ಎಂದು ನಾವು ಏಳು ವರ್ಷ ಹೇಳಿಕೊಂಡು ಬಂದವಳು ನಿಜಕ್ಕೆ ಇಂಡಿಯನ್ ಸ್ಪಿಟ್ಜ್ ಎಂದು ತಿಳಿದದ್ದೂ ಅಂದೇ. "ಪಕ್ಕೆಲುಬು ಎಣಿಸಿ ನೋಡಿ" ಎಂದು ನನ್ನ ಕೈಯನ್ನೇ ಅವಳ ಮೈಮೇಲೆ ಇಡಿಸಿದರು. ತೆಳು ಅಸ್ತರಿನ ಕೆಳಗೆ ಹೊಲಿಗೆಯ ಗೆರೆ ಬೆರಳಿಗೆ ಸಿಗುವ ಹಾಗೆ ಮೂಳೆ ಸಿಗಬೇಕು. ನನಗೆ ಸಿಕ್ಕಿದ್ದು ಹತ್ತಿ ತುಂಬಿದ ರಜಾಯಿ. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಗೆ ಸರಿದಿರಬೇಕಂತೆ. ಮುತ್ತುವಿನದು ನೆಟ್ಟಗೆ ದಿಂಬು.

ಆರೂವರೆ ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 285 ಕ್ಯಾಲರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಮನೆಗೆ ಬಂದು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ತಿರುಗಿಸಿದೆ: 100 ಗ್ರಾಂಗೆ ಸುಮಾರು 450. ನಮ್ಮ ಮನೆಯಲ್ಲಿ ಅವಳು ದಿನಕ್ಕೆ ಹತ್ತು ಬಿಸ್ಕತ್ತು ತಿನ್ನುತ್ತಿದ್ದಳು, ಅಂದರೆ ಹೆಚ್ಚುಕಡಿಮೆ ಐವತ್ತು ಗ್ರಾಂ. ಊಟಕ್ಕೆ ಮೊದಲೇ ಮುಕ್ಕಾಲು ಲೆಕ್ಕ ಮುಗಿಯಿತಲ್ಲ! ಅದರ ಮೇಲೆ ಅತ್ತೆಯ ತುಪ್ಪದ ಮುದ್ದೆ, ಯಜಮಾನರ ಹಾಲಿನ ಕೆನೆ, ನಾನು ಕತ್ತರಿ ಹಿಡಿದಾಗ ಕಾಲ ಬಳಿ ಕೂತಳೆಂದು ಕೊಡುತ್ತಿದ್ದ ಚಕ್ಕುಲಿ. ಪ್ರತಿಯೊಬ್ಬರೂ ತಾವು ಕೊಡುವುದು ಒಂದೇ ತುತ್ತು ಎಂದುಕೊಂಡಿದ್ದೆವು.

ಅದಕ್ಕೇ ಒಂದು ಸ್ಟೀಲ್ ಡಬ್ಬಿ ಇಟ್ಟೆ. ದಿನದ ಪಾಲೆಲ್ಲ ಬೆಳಿಗ್ಗೆಯೇ ತೂಗಿ ಅದರೊಳಕ್ಕೆ: ಚರ್ಮ ತೆಗೆದು ಬೇಯಿಸಿದ ಕೋಳಿ, ಹಿಡಿ ಅನ್ನ, ಸಿಹಿಗುಂಬಳ, ಹುರುಳಿಕಾಯಿ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಮನೆಯ ಅಡುಗೆಯಲ್ಲಿ ಕ್ಯಾಲ್ಸಿಯಂ ಸಾಲದೆಂದು ವೈದ್ಯರು ಕೊಟ್ಟ ಪುಡಿಯೊಂದು. ಯಾರು ಏನು ಕೊಟ್ಟರೂ ಆ ಡಬ್ಬಿಯಿಂದಲೇ, ಡಬ್ಬಿ ಖಾಲಿಯಾದರೆ ಮುಗಿಯಿತು. ತೀರಾ ಗೋಗರೆದರೆ ಎರಡು ಬಿಲ್ಲೆ ಸೌತೆಕಾಯಿ.

"ಮೂಕಪ್ರಾಣಿ, ಅದರ ಬಾಯಿಗೆ ಬೀಗ ಹಾಕುತ್ತೀಯೇನಮ್ಮ?" ಎಂದರು ಅತ್ತೆ. ಅವರ ಸಿಟ್ಟಿಗಿಂತ ನನಗೆ ಭಯ ಹುಟ್ಟಿಸಿದ್ದು ದ್ರಾಕ್ಷಿ. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಇಲ್ಲದ ಮನೆ ಹುಡುಕಬೇಕು. ನಮ್ಮ ಭಾವನ ತೋಟದಿಂದ ದಿಲ್‌ಖುಷ್ ಕ್ರೇಟುಗಟ್ಟಲೆ ಬಂದು ನಡುಮನೆಯ ನೆಲದಲ್ಲೇ ಕೂರುತ್ತದೆ. ಉದುರಿದ ಹಣ್ಣು ಯಾರ ಪಾಲು ಎಂದು ಹೇಳಬೇಕಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಬೊಟ್ಟು ಮಾಡಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ. ಈರುಳ್ಳಿ ಬೆಳ್ಳುಳ್ಳಿಯಂತೂ ನಾಯಿಯ ರಕ್ತಕಣಗಳಿಗೇ ಕೇಡು. ನಾವು ಮುದ್ದೆಗೆ ಹಾಕುತ್ತಿದ್ದ ಸಾರಿನಲ್ಲಿ ಮೂರೂ ಇದ್ದವು. ಇಷ್ಟು ವರ್ಷ ಅವಳು ದಕ್ಕಿದ್ದು ಅವಳ ಪುಣ್ಯ. ಕ್ರೇಟು ಅಂದೇ ಅಟ್ಟಕ್ಕೆ ಹೋಯಿತು.

ವಾರಕ್ಕೆ ನೂರು ಗ್ರಾಂ ಇಳಿದರೆ ಸಾಕು, ಅವಸರ ಬೇಡ ಎಂದಿದ್ದರು. ಮೂರು ವಾರವಾದರೂ ಮುಳ್ಳು ಅಲ್ಲಾಡಲಿಲ್ಲ. ಒಂದು ಬೆಳಿಗ್ಗೆ ಮಾವನವರಿಗೆ ನೆಗಡಿಯಾಗಿ ವಾಕಿಂಗಿಗೆ ನಾನು ಹೊರಟೆ. ಕಂದವಾರ ಕೆರೆಯ ಕಡೆ ತಿರುಗಬೇಕು, ಮುತ್ತು ತಿರುಗಲೊಲ್ಲಳು. ನನ್ನನ್ನು ದರದರ ಎಳೆದುಕೊಂಡು ಹೋಗಿ ಒಂದು ಟೀ ಅಂಗಡಿಯ ಮುಂದಿನ ಕಲ್ಲುಬೆಂಚಿನ ಪಕ್ಕದಲ್ಲಿ, ಹಾಜರಿಗೆ ಬಂದವಳ ಹಾಗೆ, ನೆಟ್ಟಗೆ ಕೂತಳು. ಅಂಗಡಿಯವರು ಬೆಣ್ಣೆ ಬನ್ನನ್ನು ಕಾಗದದ ಮೇಲಿಟ್ಟು ತಂದರು. "ಇವತ್ತು ಮೇಷ್ಟ್ರು ಬರಲಿಲ್ಲವೇ?"

ಮೂವತ್ತು ವರ್ಷ ಹುಡುಗರ ಕಳ್ಳಾಟ ಹಿಡಿದವರು ನಮ್ಮ ಮಾವನವರು. ಮನೆಗೆ ಬಂದು ನಾನು ಏನೂ ಹೇಳಲಿಲ್ಲ, ಬನ್ನನ್ನು ಅವರ ಟೀ ಲೋಟದ ಪಕ್ಕಕ್ಕಿಟ್ಟೆ. ಮರುದಿನದಿಂದ ಅವರ ಅಂಗಿಯ ಜೇಬಿನಲ್ಲಿ ಸೌತೆಕಾಯಿ ಬಿಲ್ಲೆಗಳು. ಜೇಬು ಒದ್ದೆಯಾಗುತ್ತದೆ ಎಂದು ಒಳಗೆ ಪ್ಲಾಸ್ಟಿಕ್ ಅಸ್ತರ್ ಹೊಲಿದುಕೊಟ್ಟಿದ್ದೇನೆ.

ಆಮೇಲೆ ಮೂರು ತಿಂಗಳಲ್ಲಿ 8 ಕೆ.ಜಿ. 100 ಗ್ರಾಂಗೆ ಇಳಿದಿದ್ದಾಳೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದಿಲ್ಲ. ಎದೆಪಟ್ಟಿಯ ಗುಂಡಿ ಉಸಿರು ಬಿಗಿಹಿಡಿದರೆ ಸೇರುತ್ತದೆ. ಹಿಡಿಯಬೇಕಾದದ್ದು ಅವಳಲ್ಲ, ನಾನು. ಇನ್ನೂ 1 ಕೆ.ಜಿ. 600 ಗ್ರಾಂ ಬಾಕಿ.

ಬರುವ ವಾರ ಹಬ್ಬ, ಒಬ್ಬಟ್ಟು. ಮುತ್ತುವಿಗೆ ಚೂರೂ ಇಲ್ಲ ಎಂದು ಅತ್ತೆಗೆ ಈಗಲೇ ಹೇಳಿದ್ದೇನೆ. ಆಗಲಿ ಎಂದರು. ಎಂದವರು ಮುತ್ತುವಿನ ಕಡೆ ನೋಡಿದರು, ಮುತ್ತು ಅವರ ಕಡೆ ನೋಡಿದಳು.