ಹೂಮಳೆಯ ಲೆಕ್ಕ

ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿಕೊಂಡು ಕೊಡಗಿಗೆ ಬರುವವರು ನೋಡುವುದು ಹೆಚ್ಚಾಗಿ ಮುಂದಿನ ಕಾರಿನ ಹಿಂಭಾಗ. ಮನಸ್ಸಿನಲ್ಲಿ ಉಳಿಯುವಂಥದ್ದು ಪಟ್ಟಿಯಲ್ಲಿ ಇರುವುದಿಲ್ಲ ಅನ್ನುವುದು ನಿಜ, ಆದರೆ ಅದು ಬರೀ ಅದೃಷ್ಟದ ಮಾತೂ ಅಲ್ಲ. ಯಾವ ತಿಂಗಳು, ಯಾವ ಕಡೆ, ಎಷ್ಟು ಹೊತ್ತಿಗೆ ಅನ್ನುವುದು ಗೊತ್ತಿದ್ದು, ಅರ್ಧ ದಿನ ಖಾಲಿ ಇಟ್ಟುಕೊಂಡರೆ ಸಾಕು.

ಕಾಫಿ ಹೂವಿನ ವಿಷಯವನ್ನೇ ನೋಡಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲೋ ಬೀಳುವ ಹೂಮಳೆಯೇ ಅದಕ್ಕೆ ಮುಹೂರ್ತ. ತೋಟದವರು ಮಳೆಯನ್ನು ಸೆಂಟಿನಲ್ಲಿ ಹೇಳುತ್ತಾರೆ. 100 ಸೆಂಟ್ ಅಂದರೆ ಒಂದಿಂಚು, ಸುಮಾರು 25 ಮಿಲಿಮೀಟರ್. ಅಷ್ಟು ಬಿದ್ದರೆ ಹೂವು ಜೋರಾಗಿ ಬರುತ್ತದೆ. ಇಪ್ಪತ್ತು ಸೆಂಟ್ ಹನಿಸಿ ನಿಂತುಬಿಟ್ಟರೆ ಮೊಗ್ಗು ಸರಿಯಾಗಿ ಅರಳದೆ ಬಾಡುತ್ತದೆ. ಒಳ್ಳೆಯ ಮಳೆಯಾದ ವಾರದಿಂದ ಹತ್ತು ದಿನದೊಳಗೆ ಗಿಡಗಳೆಲ್ಲ ಬೆಳ್ಳಗೆ, ಗಾಳಿಯಲ್ಲಿ ಮಲ್ಲಿಗೆಯಂಥ ಪರಿಮಳ. ಅದೂ ಮೂರು ನಾಲ್ಕು ದಿನವಷ್ಟೇ, ಆಮೇಲೆ ಹೂವು ಕಂದಾಗಿ ಉದುರುತ್ತದೆ.

ಆದ್ದರಿಂದ ದಿನಾಂಕ ಮೊದಲೇ ಗೊತ್ತುಮಾಡಬೇಡಿ. ಮಳೆಯ ಸುದ್ದಿ ಬಂದ ಮರುದಿನ ನೀವು ಇಳಿದುಕೊಳ್ಳುವ ಹೋಮ್‌ಸ್ಟೇಗೆ ಫೋನ್ ಮಾಡಿ, "ನಿಮ್ಮ ತೋಟಕ್ಕೆ ಎಷ್ಟು ಸೆಂಟ್ ಆಯ್ತು?" ಎಂದು ಕೇಳಿ. ಬರೀ "ಮಳೆ ಬಂತಾ?" ಎಂದರೆ ಸಾಲದು. ಅಮ್ಮತ್ತಿಗೆ ಬಿದ್ದ ಮಳೆ ಪಾಲಿಬೆಟ್ಟಕ್ಕೂ ಬಿದ್ದಿರಬೇಕೆಂದೇನೂ ಇಲ್ಲ. ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರದ ಕಡೆ ಹೆಚ್ಚಾಗಿ ರೋಬಸ್ಟಾ ಜಾತಿಯ ಕಾಫಿ. ಇನ್ನೊಂದು ಜಾತಿಯಾದ ಅರೇಬಿಕಾ ಬೇಕಾದರೆ ಮಾದಾಪುರ, ಸೋಮವಾರಪೇಟೆ ಕಡೆ ಹೋಗಿ. ಕೆರೆ ನೀರಿರುವ ರೋಬಸ್ಟಾ ತೋಟದವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂವು ತರಿಸುತ್ತಾರೆ. ಹಾಗಾಗಿ ಮಳೆ ಕೈಕೊಟ್ಟ ವರ್ಷವೂ ಎಲ್ಲೋ ಒಂದು ಕಡೆ ಬಿಳಿ ಕಂಡೇ ಕಾಣುತ್ತದೆ.

ನೋಡಲು ಬೆಳಗಿನ ಹೊತ್ತೇ ಸರಿ. ರಸ್ತೆ ಬದಿಯಲ್ಲಿ ನಿಂತರೂ ಪರಿಮಳ ಸಿಗುತ್ತದೆ. ಗೇಟು ದಾಟುವುದಾದರೆ ಕೇಳಿಯೇ ದಾಟಿ. ಫೋಟೋಗೆಂದು ಕೊಂಬೆ ಬಗ್ಗಿಸಿ ಅಲುಗಿಸುವುದು ಬೇಡ, ಕಾಯಿ ಕಟ್ಟುವುದು ಆ ಹೂವೇ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಹೂವು ಬಿರಿದ ದಿನವೇ ಮಳೆ ಸುರಿದರೆ ಪರಾಗ ತೊಳೆದುಹೋಗಿ ಫಸಲಿಗೇ ಪೆಟ್ಟು. ಅಂಥ ದಿನ ತೋಟದ ಯಜಮಾನರ ಮುಂದೆ "ಆಹಾ, ಎಂಥ ಮಳೆ" ಅನ್ನದಿರುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ ಆನೆಯದು. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಬೆಳಕು ಹರಿಯುವ ಮೊದಲು ಕಾಲ್ನಡಿಗೆ ಬೇಡವೇ ಬೇಡ. ರಾತ್ರಿ ಆನೆ ಎಲ್ಲಿತ್ತು ಅನ್ನುವುದು ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ ಹೊರಡಿ.

ಜೀಪಿನಲ್ಲಿ ಹತ್ತುವ ಮಾಂದಲಪಟ್ಟಿ ಬೆಟ್ಟದಲ್ಲಿ ಕಾಯಬೇಕಾದ್ದು ಮಂಜು ಸರಿಯುವುದಕ್ಕೆ. ಗಾಳಿ ಬೀಸಿದಾಗ ಕಣಿವೆ ತೆರೆದುಕೊಂಡು ಕೆಲವೇ ನಿಮಿಷದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಜೀಪಿನವರಿಗೆ ಮುಂದಿನ ಟ್ರಿಪ್ಪಿನ ಅವಸರ ಇರುವುದರಿಂದ, ಬಾಡಿಗೆ ಮಾತಾಡುವಾಗಲೇ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಖಚಿತ ಮಾಡಿಕೊಳ್ಳಿ.

ನವೆಂಬರ್ ಕೊನೆ ಅಥವಾ ಡಿಸೆಂಬರಿನ ರಾತ್ರಿ ಗುಂಡಿನ ಸದ್ದು ಕೇಳಿದರೆ ಗಾಬರಿಯಾಗಬೇಡಿ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಗದ್ದೆಯಿಂದ ಭತ್ತದ ಕದಿರು ತೆಗೆಯುತ್ತಿದ್ದಾರೆ. ಹಬ್ಬದ ದಿನ, ಮುಹೂರ್ತ ಎರಡೂ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಿ ಪತ್ರಿಕೆಗಳಲ್ಲಿ ಬರುತ್ತದೆ. ಇದು ಮನೆತನದ ಹಬ್ಬ, ಪ್ರದರ್ಶನವಲ್ಲ. ಕರೆದರೆ ಮಾತ್ರ ಗದ್ದೆಗಿಳಿಯಿರಿ, ಕರೆದವರ ಮನೆಯ ಊಟ ಬಿಟ್ಟು ಬರಬೇಡಿ.

ಮಿಂಚುಹುಳಕ್ಕೆ ಮೇ ತಿಂಗಳು, ಮುಂಗಾರು ಹಿಡಿಯುವ ಮೊದಲು. ಹೋಮ್‌ಸ್ಟೇಯ ಹೊರಗಿನ ದೀಪ ಆರಿಸಲು ಹೇಳಿ, ಮೊಬೈಲ್ ಒಳಗಿಟ್ಟು ಹತ್ತು ನಿಮಿಷ ಕಣ್ಣು ಕತ್ತಲಿಗೆ ಹೊಂದಲು ಬಿಡಿ. ಅಷ್ಟರಲ್ಲಿ ಮಳೆ ಶುರುವಾಗಿದ್ದರೆ ಇಂಬಳವೂ (ಜಿಗಣೆ) ಇರುತ್ತದೆ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ. ಹತ್ತಿಕೊಂಡರೆ ಕಿತ್ತೆಳೆಯಬೇಡಿ, ಉಪ್ಪು ಹಾಕಿದರೆ ತಾನಾಗಿ ಬಿಡುತ್ತದೆ. ಆಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುವುದು ಸಹಜ, ಹತ್ತಿ ಒತ್ತಿ ಹಿಡಿದರಾಯಿತು.