ಆನೆಯ ಪಕ್ಕೆಯ ಮೇಲೊಂದು ಸ್ವಸ್ತಿಕ

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಡಾವಣೆಯ ರಸ್ತೆಯೊಂದರಲ್ಲಿ ನಾಲ್ಕು ಕಲ್ಲಾನೆಗಳು ಒಂದು ಕಟ್ಟಡವನ್ನೇ ಬೆನ್ನ ಮೇಲೆ ಹೊತ್ತು ನಿಂತಿವೆ. ನಡುವಿನ ಕಮಾನಿನ ಕೆಳಗೆ ಜನ ಆರಾಮಾಗಿ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಆನೆಗಳ ಪಕ್ಕೆಯ ಮೇಲೆ ದೊಡ್ಡದಾಗಿ ಸ್ವಸ್ತಿಕ. ಮೈಸೂರಿನಲ್ಲಿ ದಸರಾ ಆನೆಗಳ ಸಿಂಗಾರ ನೋಡುತ್ತಾ ಬೆಳೆದವಳು ನಾನು. ನನಗೆ ಮೊದಲು ಆಗಿದ್ದು ಖುಷಿಯೇ. ಪಕ್ಕದಲ್ಲಿ ನಿಂತಿದ್ದ ಪ್ರವಾಸಿ ದಂಪತಿಯ ಮುಖ ಮಾತ್ರ ಗಂಟಿಕ್ಕಿಕೊಂಡಿತ್ತು. ಅವರು ಫೋಟೋ ಕೂಡ ತೆಗೆಯದೆ ಹೊರಟುಬಿಟ್ಟರು.

ಈ ಬಾಗಿಲು ಕಟ್ಟಿದ್ದು 1901ರಲ್ಲಿ. ಕಟ್ಟಿಸಿದವರು ಬಿಯರ್ ಕಂಪನಿಯ ಯಜಮಾನ ಕಾರ್ಲ್ ಯಾಕೊಬ್ಸನ್, ವಿನ್ಯಾಸ ವಿಲ್ಹೆಲ್ಮ್ ಡಾಲೆರುಪ್ ಅವರದು. ರೋಮ್‌ನಲ್ಲಿ ಬರ್ನಿನಿ ರೂಪಿಸಿದ ಕಂಬ ಹೊತ್ತ ಆನೆ ಇದಕ್ಕೆ ಪ್ರೇರಣೆ. ಕಲ್ಲು ಬೋರ್ನ್‌ಹೋಮ್ ದ್ವೀಪದ ಗ್ರಾನೈಟ್. ಯಾಕೊಬ್ಸನ್ ಅವರಿಗೆ ಕಲೆ ಅಂದರೆ ಪ್ರಾಣ. ಊರಿನ ಹೆಸರಾಂತ ಗ್ಲಿಪ್ಟೊಟೆಕ್ ಮ್ಯೂಸಿಯಂ ಕೂಡ ಅವರದೇ ಕೊಡುಗೆ. ಸ್ವಸ್ತಿಕ ಅವರ ಕಂಪನಿಯ ಗುರುತಾಗಿತ್ತು, ಬಾಟಲಿಯ ಲೇಬಲ್ ಮೇಲೂ ಇರುತ್ತಿತ್ತು. ಆ ಕಾಲದ ಯುರೋಪಿನಲ್ಲಿ ಅದು ಅದೃಷ್ಟದ ಚಿಹ್ನೆ. ಹಿಟ್ಲರನ ಪಕ್ಷ ಅದನ್ನು ತನ್ನ ಬಾವುಟಕ್ಕೆ ಹಾಕಿಕೊಂಡಿದ್ದು 1920ರಲ್ಲಿ. 1935ರಲ್ಲಿ ಅದೇ ಜರ್ಮನಿಯ ರಾಷ್ಟ್ರಧ್ವಜವಾಯಿತು. 1940ರ ಏಪ್ರಿಲ್ 9ರಂದು ಆ ಧ್ವಜದ ಸೇನೆ ಡೆನ್ಮಾರ್ಕಿಗೇ ನುಗ್ಗಿತು. ಕಂಪನಿ ಆ ಹೊತ್ತಿಗೆ ಗುರುತನ್ನು ಕೈಬಿಟ್ಟಿತು. ಆನೆಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಸ್ವಸ್ತಿಕ ಅಂದರೆ ಭಾರತದಿಂದ ಹೋದದ್ದು ಅಂತ ನಮ್ಮಲ್ಲಿ ಜಾಸ್ತಿ ಜನ ನಂಬಿದ್ದಾರೆ. ಅಂಥವರು ಕೋಪನ್‌ಹೇಗನ್‌ನ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಬೇಕು. ಐದು, ಆರನೇ ಶತಮಾನದ ತೆಳು ಚಿನ್ನದ ಪದಕಗಳು ಅಲ್ಲಿವೆ. ಕೊರಳಿಗೆ ಹಾಕಿಕೊಳ್ಳುವಂಥವು. ಒಂದು ತಲೆ, ಒಂದು ಕುದುರೆ, ಒಂದು ಹಕ್ಕಿ, ಕೆಲವುಗಳಲ್ಲಿ ಮೂಲೆಯಲ್ಲಿ ಪುಟ್ಟ ಸ್ವಸ್ತಿಕ. ಸ್ನೋಲ್ಡೆಲೆವ್ ಎಂಬ ಹಳ್ಳಿಯಲ್ಲಿ ಸಿಕ್ಕ ವೈಕಿಂಗ್ ಕಾಲದ ಕಲ್ಲೂ ಇದೆ. ನಮ್ಮ ವೀರಗಲ್ಲಿನ ಹಾಗೆ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಅದರ ಮೇಲೆ ರೂನ್ ಲಿಪಿಯಲ್ಲಿ ರೋಆಲ್ಡನ ಮಗ ಗುನ್‌ವಾಲ್ಡನ ಹೆಸರು. ಜೊತೆಗೆ ಒಂದಕ್ಕೊಂದು ಹೆಣೆದ ಮೂರು ಕೊಂಬುಗಳು, ಅಲ್ಲೇ ಸ್ವಸ್ತಿಕ. ಆ ಕಲ್ಲಿನ ಮುಂದೆ ನಾನು ತುಂಬಾ ಹೊತ್ತು ನಿಂತೆ. ಸಾವಿರ ವರ್ಷಕ್ಕೂ ಹಿಂದೆ ಯಾವನೋ ಕಲ್ಲುಕುಟಿಗ ಪ್ರೀತಿಯಿಂದ ಕೊರೆದದ್ದು. ಅವನಿಗೆ ನಮ್ಮ ಪರಿಚಯ ಇರಲಿಲ್ಲ, ಹಿಟ್ಲರನದೂ ಇರಲಿಲ್ಲ.

ಹಾಗಾದರೆ ಇದು ಜನಾಂಗದ ಗುರುತಾಗಿದ್ದು ಹೇಗೆ? 1870ರ ದಶಕದಲ್ಲಿ ಹೈನ್ರಿಕ್ ಶ್ಲೀಮನ್ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಟ್ರಾಯ್ ನಗರ ಅಗೆದರು. ಸ್ವಸ್ತಿಕ ಕೊರೆದ ಮಣ್ಣಿನ ಕದಿರುಬಿಲ್ಲೆಗಳು ರಾಶಿ ರಾಶಿ ಸಿಕ್ಕವು. ಅದು ಜರ್ಮನಿಯಲ್ಲಿ ಸಿಕ್ಕ ಮಡಕೆಗಳ ಮೇಲೂ ಇತ್ತು, ಭಾರತದಲ್ಲೂ ಇತ್ತು. ಹಾಗಾಗಿ ಇದು ಆರ್ಯರ ಗುರುತು ಎಂಬ ವಾದ ಹುಟ್ಟಿತು. ಭಾಷೆಗಳ ನಂಟಿನ ಬಗ್ಗೆ ಇದ್ದ ಮಾತನ್ನು ರಕ್ತದ ಮಾತಾಗಿ ತಿರುಚಿದರು. ಆರ್ಯ ಅನ್ನುವುದು ಭಾಷೆಗೆ ಸಂಬಂಧಿಸಿದ್ದು, ರಕ್ತಕ್ಕಲ್ಲ ಎಂದು ಮ್ಯಾಕ್ಸ್ ಮುಲ್ಲರ್ 1888ರಲ್ಲೇ ಖಂಡಿಸಿ ಬರೆದಿದ್ದರು. ಕೇಳುವವರು ಯಾರು? ಜರ್ಮನ್ ಜನಾಂಗವಾದಿ ಗುಂಪುಗಳು ಚಿಹ್ನೆಯನ್ನು ಎತ್ತಿಕೊಂಡವು, ನಾಜಿಗಳು ಅವರಿಂದ ಪಡೆದರು. ನೂಲುವ ಹೆಂಗಸರ ಕೈಯಲ್ಲಿ ತಿರುಗುತ್ತಿದ್ದ ಬಿಲ್ಲೆಯ ಮೇಲಿನ ಗೆರೆ ಅದು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಾನು ಉಳಿದುಕೊಂಡಿದ್ದು ಆಚೆ ದಡದಲ್ಲಿ, ಸ್ವೀಡನ್ನಿನ ಮಾಲ್ಮೋದಲ್ಲಿರುವ ಅಕ್ಕನ ಮಗಳ ಮನೆಯಲ್ಲಿ. ನಡುವೆ ಓರೆಸುಂಡ್ ಜಲಸಂಧಿ. 2000ದಲ್ಲಿ ಸೇತುವೆ ಆದಮೇಲೆ ರೈಲಿನಲ್ಲಿ ಸುಮ್ನೆ ಕೂತರೆ ಸಾಕು, ಅರ್ಧ ಗಂಟೆಯೊಳಗೆ ದಾಟಿಬಿಡಬಹುದು. 1943ರ ಅಕ್ಟೋಬರಿನಲ್ಲಿ ಇದೇ ನೀರಿನ ಮೇಲೆ ಡೆನ್ಮಾರ್ಕಿನ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳು ಮೀನುಗಾರರ ದೋಣಿಗಳಲ್ಲಿ ಅಡಗಿ ಸ್ವೀಡನ್ನಿಗೆ ಬಂದರು. ಯಹೂದಿಗಳನ್ನು ಹಿಡಿಯಲು ದಾಳಿ ಆಗಲಿದೆ ಎಂದು ಮುಂಚೆಯೇ ಸುಳಿವು ಕೊಟ್ಟವನು ಗೆಯೋರ್ಗ್ ಡುಕ್‌ವಿಟ್ಸ್. ಜರ್ಮನ್ ಅಧಿಕಾರಿ, ನಾಜಿ ಪಕ್ಷದ ಸದಸ್ಯ. ಎಲ್ಲರೂ ಪಾರಾಗಲಿಲ್ಲ. ಗಿಲ್ಲೆಲೈ ಎಂಬ ಊರಿನಲ್ಲಿ ಚರ್ಚಿನ ಅಟ್ಟದಲ್ಲಿ ಬಚ್ಚಿಟ್ಟುಕೊಂಡಿದ್ದ ಸುಮಾರು 80 ಜನ ಸಿಕ್ಕಿಬಿದ್ದರು. 1945ರಲ್ಲಿ ನಾಜಿ ಶಿಬಿರಗಳಿಂದ ಬದುಕಿ ಬಂದವರನ್ನು ಸ್ವೀಡನ್ನಿನ ರೆಡ್‌ಕ್ರಾಸ್ ಬಿಳಿ ಬಸ್ಸುಗಳಲ್ಲಿ ಹೊರಗೆ ತಂದಾಗ ಅವರಲ್ಲಿ ಸಾವಿರಾರು ಜನ ಇಳಿದದ್ದೂ ಮಾಲ್ಮೋದಲ್ಲೇ.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ರಂಗೋಲಿ ಹಿಟ್ಟು ಹಿಡಿದು ಹೊರಬಾಗಿಲಿಗೆ ಹೋದಾಗ ಅಕ್ಕನ ಮಗಳು ತಡೆದಳು.

“ಚಿಕ್ಕಮ್ಮ, ಹೊರಗೆ ಪದ್ಮ ಬಿಡಿ. ಸ್ವಸ್ತಿಕ ದೇವರ ಮುಂದೆ ಬರೀರಿ.”

“ನಾವ್ಯಾಕೆ ಹೆದರಬೇಕು? ಇದು ನಮ್ಮದಲ್ವಾ?”

“ಹೆದರಿಕೆ ಅಲ್ಲ ಚಿಕ್ಕಮ್ಮ. ಮೇಲಿನ ಮನೆ ಅಜ್ಜಿಯ ಅಮ್ಮ ಶಿಬಿರದಿಂದ ಬಂದವರು. ಅಜ್ಜಿ ದಿನಾ ಈ ಮೆಟ್ಟಿಲು ಇಳಿದೇ ಹೋಗಬೇಕು. ಅವರ ಜೊತೆ ಕೂತು ಮಾತಾಡಿ ಆಮೇಲೆ ಬರೆಯೋಣ.”

ಅವಳು ಹೇಳಿದ್ದೇ ಸರಿ ಅಂತ ನನಗೆ ಅನಿಸಿತು. ಪದ್ಮ ಬರೆದೆ. ನಮ್ಮದು ಎಷ್ಟೋ ಹಳೆಯದು, ಬೇರೆಯವರು ಸುಮ್ಮನಿರಬೇಕು ಅಂತ ವಾದ ಮಾಡುವವರನ್ನು ಕಂಡಿದ್ದೇನೆ. ಆ ಬಾವುಟದ ಕೆಳಗೆ ಮನೆಯವರನ್ನು ಕಳೆದುಕೊಂಡವರ ಎದುರು ಈ ವಾದ ನಿಲ್ಲುವುದಿಲ್ಲ. ಹಾಗಂತ ಆನೆಗಳ ಮೈಯಿಂದ ಸ್ವಸ್ತಿಕ ಕೆತ್ತಿ ತೆಗೆಯಿರಿ ಅನ್ನುವುದನ್ನೂ ನಾನು ಒಪ್ಪಲಾರೆ. ತೆಗೆದರೆ ಇದು ಹಿಟ್ಲರನದೇ ಅಂತ ನಾವೇ ಬರೆದುಕೊಟ್ಟ ಹಾಗೆ. ಮೂಡುಬಿದಿರೆಯ ಬಸದಿಯಲ್ಲಿ ಏಳನೇ ತೀರ್ಥಂಕರ ಸುಪಾರ್ಶ್ವನಾಥರ ಲಾಂಛನವೆಂದು ಕೈಮುಗಿಯುವವರೂ ಇದ್ದಾರೆ, ಅಹಿಂಸೆಯೇ ಧರ್ಮ ಅನ್ನುವ ಜನ. ಅವರಿಂದ ಅದನ್ನು ಕಸಿಯುವುದು ಯಾವ ನ್ಯಾಯ?

ಕೋಪನ್‌ಹೇಗನ್‌ಗೆ ಹೋಗುವವರಿಗೆ ಒಂದು ಮಾತು. ಕಾರ್ಲ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಆನೆಗಳು ಸಿಗುತ್ತವೆ, ಟಿಕೆಟ್ ಇಲ್ಲ. ಚರ್ಚಿಲ್ ಪಾರ್ಕಿನಲ್ಲಿ ನಾಜಿ ಆಳ್ವಿಕೆಯನ್ನು ಎದುರಿಸಿದವರ ಮ್ಯೂಸಿಯಂ ಇದೆ. ಬೆಂಕಿಗೆ ಸಿಕ್ಕಿ 2020ರಲ್ಲಿ ಮತ್ತೆ ತೆರೆದದ್ದು. ಎರಡನ್ನೂ ಒಂದೇ ದಿನ ನೋಡಿ. ಮಕ್ಕಳಿದ್ದರೆ ಮೊದಲು ಆನೆಗಳ ಹತ್ತಿರ ಕರೆದುಕೊಂಡು ಹೋಗಿ.