ವಿಂಡೋಸ್ 10 ನಿಂತ ಮೇಲೆ ಆ ಕಂಪ್ಯೂಟರನ್ನು ಏನು ಮಾಡಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ಮರುದಿನವೂ ಕಂಪ್ಯೂಟರ್ ಎಂದಿನಂತೆಯೇ ಆನ್ ಆಯಿತು, ವರ್ಡ್ ತೆರೆಯಿತು, ಪ್ರಿಂಟ್ ಬಂತು. ಹಾಗಾಗಿ ಎಷ್ಟೋ ಜನ ಇದನ್ನು ತಲೆಗೇ ಹಚ್ಚಿಕೊಂಡಿಲ್ಲ. ಇನ್ನು ಕೆಲವರು ಗಾಬರಿಬಿದ್ದು, ಚೆನ್ನಾಗಿ ಓಡುತ್ತಿರುವ ಯಂತ್ರವನ್ನೇ ಗುಜರಿಗೆ ಹಾಕಲು ಹೊರಟಿದ್ದಾರೆ. ಎರಡೂ ತಪ್ಪು.

ಮೊದಲು ಅಪಾಯ ಎಲ್ಲಿದೆ ಎಂದು ನೋಡೋಣ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹುಪಾಲು ಒಂದೇ. ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್ 11ಕ್ಕೆ ತೇಪೆಗಳು, ಅಂದರೆ ಭದ್ರತಾ ದೋಷ ಮುಚ್ಚುವ ಅಪ್‌ಡೇಟ್‌ಗಳು, ಬರುತ್ತವೆ. ತೇಪೆ ಹಾಕುವ ಮುಂಚಿನ ಫೈಲನ್ನೂ ಆಮೇಲಿನ ಫೈಲನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಎಂಬುದು ದಾಳಿ ಮಾಡುವವರಿಗೆ ತಿಳಿದುಬಿಡುತ್ತದೆ. ಅದೇ ತೂತು ವಿಂಡೋಸ್ 10ರಲ್ಲಿದ್ದರೆ ಅದು ಹಾಗೇ ತೆರೆದಿರುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಸುಲಿಗೆ ವೈರಸ್‌ನ ದಾಳಿಯನ್ನು ತಡೆಯುವ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. ಹೊಡೆತ ತಿಂದದ್ದು ಅದನ್ನು ಹಾಕಿಕೊಳ್ಳದ ಯಂತ್ರಗಳು. ‘ಆ್ಯಂಟಿವೈರಸ್ ಇದೆಯಲ್ಲ’ ಎನ್ನಬೇಡಿ. ವಿಂಡೋಸ್ 10ರ ಡಿಫೆಂಡರ್‌ಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ನಿಜ. ಆದರೆ ಅದು ಒಳಬಂದ ಕಳ್ಳನ ಗುರುತು ಹಿಡಿಯುತ್ತದೆಯೇ ಹೊರತು ಮುರಿದ ಬಾಗಿಲನ್ನು ಸರಿಮಾಡುವುದಿಲ್ಲ.

ಯಾವ ದಾರಿ ಹಿಡಿಯಬೇಕು ಎಂಬುದನ್ನು ಯಂತ್ರದ ವಯಸ್ಸು ತೀರ್ಮಾನಿಸುವುದಿಲ್ಲ, ಅದರಲ್ಲಿ ನಡೆಯುವ ಕೆಲಸ ತೀರ್ಮಾನಿಸುತ್ತದೆ. ಒಂದು ಹಾಳೆ ತೆಗೆದುಕೊಂಡು ಆ ಕಂಪ್ಯೂಟರಿನಲ್ಲಿ ಒಂದು ತಿಂಗಳಲ್ಲಿ ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ. ಟ್ಯಾಲಿ ಇದೆಯೇ? ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಹಾಕಿ ಸಹಿ ಮಾಡುತ್ತೀರಾ? ಹಳೆಯ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಕಡತಗಳಿವೆಯೇ? ಪ್ರಿಂಟರ್ ಯಾವ ಮಾಡೆಲ್? ಟ್ಯಾಲಿ, ಡಿಎಸ್‌ಸಿ ಎರಡರಲ್ಲಿ ಒಂದಿದ್ದರೂ ಆ ಯಂತ್ರದಲ್ಲಿ ವಿಂಡೋಸನ್ನೇ ಉಳಿಸಿಕೊಳ್ಳಿ. ಬ್ರೌಸರ್, ವಾಟ್ಸ್ಆ್ಯಪ್ ವೆಬ್, ಪತ್ರ ಬರೆಯುವುದು, ವಿಡಿಯೋ ನೋಡುವುದು, ಇಷ್ಟೇ ಆದರೆ ನೀವು ವಿಂಡೋಸ್‌ಗೆ ಕಟ್ಟುಬಿದ್ದಿಲ್ಲ.

ಯಾವ ದಾರಿಯಾದರೂ ಬ್ಯಾಕಪ್ ಮೊದಲು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಟ್ಯಾಲಿಯ ಡೇಟಾ ಫೋಲ್ಡರ್, ಔಟ್‌ಲುಕ್‌ನ ಇಮೇಲ್‌ಗಳಿರುವ ಪಿಎಸ್‌ಟಿ ಫೈಲ್, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮತ್ತು ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ. ಈ ಕೊನೆಯದನ್ನು ಕಾಗದದ ಮೇಲೆ ಬರೆದಿಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಒಂದು ವರ್ಷದ ಬಿಡುವು

ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಎಂಬ ಮೈಕ್ರೋಸಾಫ್ಟ್ ಯೋಜನೆಗೆ ಸೇರಿದರೆ ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಬರುತ್ತವೆ. ಹೊಸ ಸೌಲಭ್ಯಗಳೇನೂ ಬರುವುದಿಲ್ಲ. ಸೇರಲು ಮೂರು ದಾರಿಗಳಿವೆ: ಪಿಸಿ ಸೆಟ್ಟಿಂಗ್‌ಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಸಿಂಕ್ ಮಾಡಿದರೆ ಉಚಿತ, ಇಲ್ಲವೇ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ, ಅದೂ ಬೇಡವೆಂದರೆ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ. ಹಣ ಕಟ್ಟುವವರಿಗೂ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು. ಒಂದು ಖಾತೆಯಲ್ಲಿ 10 ಯಂತ್ರಗಳನ್ನು ಸೇರಿಸಬಹುದು.

ರನ್ ಪೆಟ್ಟಿಗೆಯಲ್ಲಿ ‘ವಿನ್‌ವರ್’ (winver) ಎಂದು ಕೊಟ್ಟು ಆವೃತ್ತಿ 22ಎಚ್2 ಇದೆಯೇ ನೋಡಿ. ಅದಕ್ಕಿಂತ ಹಳೆಯದಿದ್ದರೆ ಮೊದಲು ಅಪ್‌ಡೇಟ್ ಮುಗಿಸಿ. ಆಮೇಲೆ ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯೂರಿಟಿ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಎಂಬ ಕೊಂಡಿ ಕಾಣುತ್ತದೆ. ಕಾಣದಿದ್ದರೆ ಸಾಮಾನ್ಯವಾಗಿ 2025ರ ಆಗಸ್ಟ್‌ನ ಅಪ್‌ಡೇಟ್ ಬಾಕಿ ಇರುತ್ತದೆ, ಅಥವಾ ನೀವು ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆಯಲ್ಲಿರುತ್ತೀರಿ. ಉಚಿತ ದಾರಿ ಹಿಡಿದವರು ಬ್ಯಾಕಪ್ ಪುಟದಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಆಫ್ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಒನ್‌ಡ್ರೈವ್‌ನ ಉಚಿತ 5 ಜಿಬಿ ನೋಡನೋಡುತ್ತಲೇ ತುಂಬಿಹೋಗುತ್ತದೆ.

ಅಂಗಡಿ, ಆಫೀಸುಗಳವರಿಗೆ ಇದು ಬೇರೆಯೇ ಲೆಕ್ಕ: ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು, ಒಟ್ಟು ಮೂರು ವರ್ಷ.

‘ಅರ್ಹತೆ ಇಲ್ಲ’ ಎಂದದ್ದು ನಿಜವೇ?

ವಿಂಡೋಸ್ 11ಕ್ಕೆ ಅರ್ಹತೆಯಿಲ್ಲ ಎಂದು ತೋರಿಸುವ ಎಷ್ಟೋ ಯಂತ್ರಗಳಲ್ಲಿ ಕೊರತೆ ಇರುವುದೇ ಇಲ್ಲ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಒಂದು ಸ್ವಿಚ್ ಆಫ್ ಆಗಿರುತ್ತದೆ. ಬೇಕಾದದ್ದು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಚಿಪ್), ಯುಇಎಫ್‌ಐ (ಬಯಾಸ್‌ನ ಹೊಸ ರೂಪ), ಸೆಕ್ಯೂರ್ ಬೂಟ್ (ಸಹಿಯಿಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಪ್ರೊಸೆಸರ್ ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಮುಂದಿನದು, ಎಎಂಡಿ ಆದರೆ ರೈಜನ್ 2000 ಸರಣಿಯ ಬಹುಪಾಲು ಚಿಪ್‌ಗಳು ಮತ್ತು ಆಮೇಲಿನವು. ಪಿಸಿ ಹೆಲ್ತ್ ಚೆಕ್ ಆ್ಯಪ್ ಓಡಿಸಿದರೆ ಯಾವುದು ತಡೆಯುತ್ತಿದೆ ಎಂದು ಹೇಳುತ್ತದೆ. ಪ್ರೊಸೆಸರ್ ಮುಂದೆ ಹಸಿರು ಗುರುತು ಬಂದು ಟಿಪಿಎಂ ಮುಂದೆ ಮಾತ್ರ ಕೆಂಪು ಬಂದರೆ, ಬಯಾಸ್‌ನ ಸೆಕ್ಯೂರಿಟಿ ಅಥವಾ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂಬುದನ್ನು ಆನ್ ಮಾಡಿ. ಕೆಲಸ ಮುಗಿಯಿತು.

ಅಸೆಂಬಲ್ ಮಾಡಿಸಿದ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಹಾರ್ಡ್ ಡಿಸ್ಕನ್ನು ಹಳೆಯ ಎಂಬಿಆರ್ ಪದ್ಧತಿಯಲ್ಲಿ ಭಾಗ ಮಾಡಿ, ಯುಇಎಫ್‌ಐ ಬದಲು ಹಳೆಯ ಲೆಗಸಿ ಮೋಡ್‌ನಲ್ಲಿ ವಿಂಡೋಸ್ ಹಾಕಿರುತ್ತಾರೆ. ಅಂಥದರಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಯಂತ್ರ ಬೂಟೇ ಆಗುವುದಿಲ್ಲ. ಡೇಟಾ ಅಳಿಸದೆ ಹೊಸ ಜಿಪಿಟಿ ಪದ್ಧತಿಗೆ ಬದಲಿಸುವ ಸಾಧನ, ಎಂಬಿಆರ್-ಟು-ಜಿಪಿಟಿ (mbr2gpt), ವಿಂಡೋಸ್ 10ರಲ್ಲೇ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ವ್ಯಾಲಿಡೇಟ್’ (/validate), ಅದು ಸರಿ ಬಂದರೆ ‘ಕನ್ವರ್ಟ್’ (/convert) ಕೊಡಬೇಕು. ಎರಡರ ಜೊತೆಗೂ ‘ಅಲೌ-ಫುಲ್-ಓಎಸ್’ (/allowFullOS) ಎಂಬ ಆಯ್ಕೆ ಸೇರಿಸದಿದ್ದರೆ ಓಡುವುದಿಲ್ಲ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ವ್ಯಾಲಿಡೇಟ್ ಹಂತದಲ್ಲೇ ನಿಲ್ಲುತ್ತದೆ. ಬದಲಾವಣೆ ಮುಗಿದ ಕೂಡಲೇ ಬಯಾಸ್‌ಗೆ ಹೋಗಿ ಲೆಗಸಿ ಅಥವಾ ಸಿಎಸ್‌ಎಂ ತೆಗೆದು ಯುಇಎಫ್‌ಐ ಇಡಬೇಕು. ಇದನ್ನು ಮರೆತರೆ ಕಪ್ಪು ಪರದೆ ಬರುತ್ತದೆ. ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿರುವುದಿಲ್ಲ. ಬಿಟ್‌ಲಾಕರ್ ಇದ್ದರೆ ಇದೆಲ್ಲಕ್ಕೂ ಮುಂಚೆ ಅದನ್ನು ಸಸ್ಪೆಂಡ್ ಮಾಡಿ. ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಆ 48 ಅಂಕಿ ಕೇಳುತ್ತದೆ, ಅದು ಕೈಯಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಹೋದಂತೆಯೇ.

ಪ್ರೊಸೆಸರೇ ಹಳೆಯದಾದರೆ? ರೂಫಸ್ ಎಂಬ ಉಚಿತ ಸಾಧನ ಬಳಸಿ ವಿಂಡೋಸ್ 11ರ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್ ತಪಾಸಣೆ ತೆಗೆದುಹಾಕುವ ಆಯ್ಕೆ ಬರುತ್ತದೆ, 6ನೇ, 7ನೇ ಪೀಳಿಗೆಯ ಯಂತ್ರಗಳಲ್ಲಿ ಅದು ಓಡುತ್ತದೆ ಕೂಡ. ಆದರೆ ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ಅಂಥ ಯಂತ್ರಕ್ಕೆ ತಾನಾಗಿ ಬರುವುದಿಲ್ಲ, ಪ್ರತಿಸಲ ಕೈಯಾರೆ ಹಾಕಬೇಕು. ಹೋಮ್, ಪ್ರೊ ಆವೃತ್ತಿಗಳ ಆಯುಷ್ಯ 24 ತಿಂಗಳು. ಅಷ್ಟರೊಳಗೆ ಹಾಕದಿದ್ದರೆ ಮತ್ತೆ ಇದೇ ಸ್ಥಿತಿಗೆ ಬರುತ್ತೀರಿ. ಕೋರ್ 2 ಡ್ಯೂಯೊದಂಥ ಚಿಪ್‌ಗಳಲ್ಲಿ ಪಾಪ್‌ಕೌಂಟ್ ಎಂಬ ಸೂಚನೆಯೇ ಇಲ್ಲದ ಕಾರಣ ವಿಂಡೋಸ್ 11ರ 24ಎಚ್2 ಮತ್ತು ಮುಂದಿನ ಆವೃತ್ತಿಗಳು ಬೂಟೇ ಆಗವು. ಈ ಕೆಲಸವನ್ನು ನೆನಪಿಟ್ಟು ಮಾಡುವವರು ಮನೆಯಲ್ಲಿದ್ದರೆ ಮಾತ್ರ ಈ ದಾರಿ. ಊರಲ್ಲಿರುವ ಅಪ್ಪ ಅಮ್ಮನ ಕಂಪ್ಯೂಟರಿಗೆ ಖಂಡಿತ ಬೇಡ.

ಲಿನಕ್ಸ್ ಮಿಂಟ್

ವಿಂಡೋಸ್‌ಗೆ ಕಟ್ಟುಬೀಳದ ಯಂತ್ರಗಳಿಗೆ ನನ್ನ ಮೊದಲ ಆಯ್ಕೆ ವಿಂಡೋಸ್ ಬದಲಿಗೆ ಹಾಕುವ ಈ ಉಚಿತ ಆಪರೇಟಿಂಗ್ ಸಿಸ್ಟಂ. ಮಿಂಟ್ 22 ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ.

ಹಾಕುವ ಮುಂಚೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಬಗ್ಗೆ ಯೋಚಿಸಿ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದರೆ ಆಗುವಷ್ಟು ವ್ಯತ್ಯಾಸ ಯಾವ ಸಾಫ್ಟ್‌ವೇರಿನಿಂದಲೂ ಆಗದು. ಇನ್ನೊಂದು ಲಾಭವೂ ಇದೆ: ಹಳೆಯ ಡಿಸ್ಕನ್ನು ಬಿಚ್ಚಿ ಹಾಗೇ ಕಪಾಟಿನಲ್ಲಿಟ್ಟರೆ, ಏನೇ ಎಡವಟ್ಟಾದರೂ ಅದನ್ನು ಮತ್ತೆ ಜೋಡಿಸಿ ಹಳೆಯ ವಿಂಡೋಸ್‌ಗೆ ಮರಳಬಹುದು. ಜೊತೆಗೆ ರ‍್ಯಾಮ್ ಹೆಚ್ಚಿಸುವವರು ಗಮನಿಸಿ, ಇಂಟೆಲ್ 4, 5ನೇ ಪೀಳಿಗೆಯ ಲ್ಯಾಪ್‌ಟಾಪ್‌ಗಳಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಹಳೆಯ 1.5 ವೋಲ್ಟಿನ ಡಿಡಿಆರ್3 ಹಾಕಿದರೆ ಪರದೆಯೇ ಬರದಿರಬಹುದು.

ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ) ಫೈಲನ್ನು 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ಮೂಲಕ ಬರೆಯಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತುವ ಅವಸರ ಬೇಡ. ಪೆನ್‌ಡ್ರೈವಿನಿಂದಲೇ ಓಡುವ ಆ ಲೈವ್ ಪರದೆಯಲ್ಲೇ ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಳ ಮುಚ್ಚಿ ತೆರೆದಾಗ ಏಳುತ್ತದೆಯೇ, ಇಷ್ಟನ್ನೂ ನೋಡಿ. ವೈಫೈ ಕಾಣದಿದ್ದರೆ ಹೆಚ್ಚಾಗಿ ಅದು ಬ್ರಾಡ್‌ಕಾಮ್ ಚಿಪ್. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಅದರ ಡ್ರೈವರ್ ಹಾಕಿಕೊಳ್ಳಬಹುದು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಆಗಿರುತ್ತದೆ, ‘ಎಎಚ್‌ಸಿಐ’ಗೆ ಬದಲಿಸಿ. ಸೆಕ್ಯೂರ್ ಬೂಟ್‌ಗಾಗಿ ಒಂದು ಪಾಸ್‌ವರ್ಡ್ ಕೇಳಿದರೆ ಬರೆದಿಟ್ಟುಕೊಳ್ಳಿ. ಮರುಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದನ್ನೇ ಕೊಡಬೇಕು. ಸುಮ್ಮನೆ ‘ಕಂಟಿನ್ಯೂ’ ಒತ್ತಿದರೆ ಎನ್‌ವಿಡಿಯಾ ಅಥವಾ ಬ್ರಾಡ್‌ಕಾಮ್ ಡ್ರೈವರ್ ಲೋಡ್ ಆಗುವುದಿಲ್ಲ.

ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಎರಡು ಪ್ರಿಂಟರ್‌ಗಳ ವಿಷಯ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪ್ಲಿಪ್ (HPLIP) ಎಂಬ ಡ್ರೈವರ್ ಜೊತೆಗೆ ಒಂದು ಪ್ಲಗಿನ್ ಬೇಕು. ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’ (hp-plugin) ಕೊಟ್ಟು ಹಾಕದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಇದಕ್ಕಿಂತ ತಲೆನೋವು. ಪ್ರಿಂಟ್ ಮಾಡುವುದೇ ಮುಖ್ಯ ಕೆಲಸವಾದರೆ, ಅದು ಸರಿಹೋಗುವವರೆಗೆ ವಿಂಡೋಸ್ ಡಿಸ್ಕನ್ನು ತೆಗೆಯಬೇಡಿ.

ಕನ್ನಡಕ್ಕೆ ಬರೋಣ. ಕನ್ನಡ ಟೈಪ್ ಮಾಡಲು ನೆರವಾಗುವ ಐಬಸ್ (ibus) ಮತ್ತು ಅದರ ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ ಲಾಗೌಟ್ ಮಾಡಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕೀಲಿಮಣೆಗಳು ಸಿಗುತ್ತವೆ. ನುಡಿ ಕೀಲಿಮಣೆ ರೂಢಿಯಿದ್ದವರಿಗೆ ಕೆಜಿಪಿ, ‘ಕನ್ನಡ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರಿಗೆ ಐಟ್ರಾನ್ಸ್. ವಿಂಡೋಸ್‌ನ ತುಂಗಾ, ನಿರ್ಮಲಾ ಅಕ್ಷರಗಳು ಇಲ್ಲಿರುವುದಿಲ್ಲ. ಬದಲಿಗೆ ನೋಟೊ, ಲೋಹಿತ್, ನವಿಲು, ಗುಬ್ಬಿ ಸಿಗುತ್ತವೆ. ಪುಟದ ಹೊಂದಿಕೆ ಸ್ವಲ್ಪ ಆಚೀಚೆ ಆಗುತ್ತದೆ.

ನಿಜವಾದ ಸಮಸ್ಯೆ ಯೂನಿಕೋಡ್ (ಎಲ್ಲ ಕಡೆ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೆಯ ಕಡತಗಳದ್ದು. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ನುಡಿಯ ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಫಾಂಟ್ ಫೈಲನ್ನು ಲಿನಕ್ಸ್‌ಗೆ ಹಾಕಿದರೆ ಓದಲು, ಪ್ರಿಂಟ್ ತೆಗೆಯಲು ಆಗುತ್ತದೆ, ತಿದ್ದಲು ಆಗುವುದಿಲ್ಲ. ಆದ್ದರಿಂದ ವಿಂಡೋಸ್ ಇನ್ನೂ ಕೈಯಲ್ಲಿರುವಾಗಲೇ ನುಡಿ, ಬರಹಗಳ ಪರಿವರ್ತಕ ಬಳಸಿ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಿ. ಮೂಲ ಕಡತವನ್ನು ಅಳಿಸಬೇಡಿ.

ಉಳಿದ ದಾರಿಗಳು

ಬ್ರೌಸರ್ ಒಂದೇ ಸಾಕು ಎನ್ನುವ ಹಿರಿಯರಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹೊಂದುತ್ತದೆ: 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಸಾಕು. ಆಂಡ್ರಾಯ್ಡ್ ಆ್ಯಪ್‌ಗಳು ಓಡುವುದಿಲ್ಲ. ಗೂಗಲ್‌ನ ಪಟ್ಟಿಯಲ್ಲಿ ಪ್ರತಿ ಮಾಡೆಲಿಗೂ ಬೆಂಬಲ ಮುಗಿಯುವ ವರ್ಷವಿದೆ, ಮೊದಲು ಅದನ್ನು ನೋಡಿ. 2032ರ ಜನವರಿವರೆಗೆ ಬೆಂಬಲವಿರುವ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ವಿಂಡೋಸ್ 10 ಇರುವುದು ನಿಜ. ಆದರೆ ಅದು ಯಂತ್ರ ತಯಾರಕರಿಗೆ, ಸಂಸ್ಥೆಗಳಿಗೆ ಕೊಡುವ ಪರವಾನಗಿ. ಕೆಲವು ನೂರು ರೂಪಾಯಿಗೆ ಸಿಗುವ ಕೀ ನಂಬಬೇಡಿ.

ಹಳೆಯ ಯಂತ್ರವೊಂದು ಲ್ಯಾಬ್ ಉಪಕರಣಕ್ಕೋ ವರ್ಕ್‌ಶಾಪಿನ ಯಂತ್ರಕ್ಕೋ ಕಟ್ಟಿಕೊಂಡಿದ್ದರೆ ಅದನ್ನು ಮುಟ್ಟಬೇಡಿ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಅದಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಟ್ಟು, ಪ್ರತಿಸಲ ಬೇರೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ ಹಾಕಿ.

ಕೊಟ್ಟುಬಿಡುವ ತೀರ್ಮಾನವಾದರೆ ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಸಾಲದು, ಫೈಲ್‌ಗಳನ್ನು ಮರಳಿ ತೆಗೆಯಬಹುದು. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಒಮ್ಮೆ ಸೊನ್ನೆ ಬರೆಯಿರಿ. 500 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಎಸ್‌ಎಸ್‌ಡಿ ಆದರೆ ತಯಾರಕರ ಸಾಧನದಲ್ಲಿರುವ ಸೆಕ್ಯೂರ್ ಇರೇಸ್ ಬಳಸಿ. ಡಿಸ್ಕ್ ಕೆಟ್ಟು ಅಳಿಸಲಾಗದಿದ್ದರೆ ಅದನ್ನು ಬಿಚ್ಚಿ ಮನೆಯಲ್ಲಿಟ್ಟುಕೊಂಡು ಯಂತ್ರವನ್ನಷ್ಟೇ ಕೊಡಿ.